ಮರುಭೂಮಿಯ ನರಿ ರೊಮೆಲ್

ಎರಡನೆಯ ಮಹಾಯುದ್ಧದ ಇತಿಹಾಸ ಓದುವುದು ನನ್ನ ಹವ್ಯಾಸ. ಆ ಓದಿನಲ್ಲಿ ನನ್ನನ್ನು ಬಹಳವಾಗಿ ಕಾಡಿದ ವ್ಯಕ್ತಿ ಜರ್ಮನಿಯ ಟ್ಯಾಂಕ್ ದಳಗಳ ಸೇನಾನಿ ಎರ್ವಿನ್ ರೊಮೆಲ್. ಆತನ ಬದುಕನ್ನು ನಮ್ಮ ಶಾಲೆಯ ಮಕ್ಕಳೂ ತಿಳಿಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ರೊಮೆಲ್ ಹುಟ್ಟಿದ್ದು 1891ರ ನವೆಂಬರ್ 15ರಂದು, ಹೈಡನ್‌ಹೈಮ್ ಎಂಬ ಊರಿನಲ್ಲಿ. ತಂದೆ ಶಾಲಾ ಮೇಷ್ಟ್ರು. ಮಗನಿಗೆ ಇಂಜಿನಿಯರ್ ಆಗುವ ಆಸೆಯಿತ್ತು. ತಂದೆಯ ಒತ್ತಾಯಕ್ಕೆ 1910ರಲ್ಲಿ ಸೈನ್ಯ ಸೇರಿದ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಇಟಲಿಯ ಬೆಟ್ಟಗಳಲ್ಲಿ ತೋರಿದ ಸಾಹಸಕ್ಕೆ ಪ್ರಷ್ಯಾದ ಅತ್ಯುನ್ನತ ಶೌರ್ಯಪದಕ ದೊರೆಯಿತು.

1940ರಲ್ಲಿ 7ನೆಯ ಪ್ಯಾಂಜರ್ ಡಿವಿಜನ್ನಿನ ಮುಖ್ಯಸ್ಥನಾಗಿ ಫ್ರಾನ್ಸಿನೊಳಗೆ ನುಗ್ಗಿದ. ಅವನ ವೇಗ ಎಷ್ಟೆಂದರೆ, ದಳ ಎಲ್ಲಿದೆ ಎಂಬುದು ಕೆಲವೊಮ್ಮೆ ಮೇಲಧಿಕಾರಿಗಳಿಗೇ ತಿಳಿಯುತ್ತಿರಲಿಲ್ಲ. ಅದಕ್ಕೆ ‘ಭೂತದ ದಳ’ ಎಂಬ ಹೆಸರೇ ಬಂತು. 1941ರ ಫೆಬ್ರವರಿಯಲ್ಲಿ ಉತ್ತರ ಆಫ್ರಿಕಾಕ್ಕೆ ಹೋದ. ಅಲ್ಲಿ ಬ್ರಿಟಿಷರ ಕಡೆಯಿಂದ ನಮ್ಮ ಭಾರತೀಯ ಸೈನಿಕರೂ ಹೋರಾಡುತ್ತಿದ್ದರು. 1942ರ ಜೂನ್ 21ರಂದು ತೊಬ್ರುಕ್ ಕೋಟೆ ಬಿದ್ದಾಗ ಸೆರೆಸಿಕ್ಕ ಸುಮಾರು 33,000 ಜನರಲ್ಲಿ ಭಾರತೀಯರೂ ಇದ್ದರು. ರೊಮೆಲ್ ಐವತ್ತನೆಯ ವಯಸ್ಸಿಗೇ ಫೀಲ್ಡ್ ಮಾರ್ಷಲ್ ಆದ.

ಅಲ್ಲಿಂದ ಇಳಿಗಾಲ. ಎಲ್ ಅಲಮೇನ್ ಕದನದಲ್ಲಿ ಅವನ ಟ್ಯಾಂಕುಗಳಿಗೆ ಬೇಕಾದಷ್ಟು ಇಂಧನವಿರಲಿಲ್ಲ. ತರುವ ಹಡಗುಗಳನ್ನು ಶತ್ರುಗಳು ಮುಳುಗಿಸುತ್ತಿದ್ದರು. ಒಂದು ಹೆಜ್ಜೆಯೂ ಹಿಂದೆ ಸರಿಯಬಾರದೆಂದು ಹಿಟ್ಲರ್ ಆಜ್ಞೆ ಕಳಿಸಿದ. ಅದು ವಿನಾಶದ ದಾರಿಯೆಂದು ತಿಳಿದೂ ರೊಮೆಲ್ ಒಂದು ದಿನ ಪಾಲಿಸಿದ, ಆಮೇಲಷ್ಟೇ ಹಿಮ್ಮೆಟ್ಟಿದ.

1944ರ ಜುಲೈನಲ್ಲಿ ಹಿಟ್ಲರನ ಹತ್ಯಾಯತ್ನ ವಿಫಲವಾಯಿತು. ಸಂಚಿನಲ್ಲಿ ರೊಮೆಲ್ ಹೆಸರೂ ಕೇಳಿಬಂತು. ಅಕ್ಟೋಬರ್ 14ರಂದು ಇಬ್ಬರು ಜನರಲ್‌ಗಳು ಮನೆಗೆ ಬಂದರು. ವಿಷ ಕುಡಿದರೆ ರಾಜಮರ್ಯಾದೆಯ ಅಂತ್ಯಕ್ರಿಯೆ, ಹೆಂಡತಿ ಮಗನಿಗೆ ರಕ್ಷಣೆ, ಇಲ್ಲವಾದರೆ ವಿಚಾರಣೆ. ಹೆಂಡತಿಗೂ ಹದಿನೈದರ ಮಗ ಮಾನ್‌ಫ್ರೆಡ್‌ಗೂ ವಿಷಯ ಹೇಳಿ ಕಾರು ಹತ್ತಿದ. ಯುದ್ಧದ ಗಾಯದಿಂದ ಸತ್ತನೆಂದು ಸರ್ಕಾರ ಲೋಕಕ್ಕೆ ಸಾರಿತು.

ರೊಮೆಲ್‌ನ ಜಾಣ್ಮೆಯನ್ನು ಶತ್ರುಗಳೂ ಮೆಚ್ಚಿದರು. ಆದರೆ ಆ ಜಾಣ್ಮೆಯೆಲ್ಲ ಲಕ್ಷಾಂತರ ನಿರಪರಾಧಿಗಳನ್ನು ಕೊಲ್ಲಿಸುತ್ತಿದ್ದ ಒಡೆಯನ ಬಲ ಹೆಚ್ಚಿಸಿತು. ಇಂಜಿನಿಯರ್ ಆದ ನನಗೆ ಇದು ದೊಡ್ಡ ಪಾಠ. ಕೆಲಸ ಕಲಿಯುವಷ್ಟೇ ಶ್ರದ್ಧೆಯಿಂದ, ಆ ಕೆಲಸ ಯಾರಿಗಾಗಿ, ಯಾತಕ್ಕಾಗಿ ಎಂದು ಕೇಳುವುದನ್ನೂ ಕಲಿಯಬೇಕು. ಮಗ ಮಾನ್‌ಫ್ರೆಡ್ ಮುಂದೆ ಪ್ರಜಾಪ್ರಭುತ್ವದ ಜರ್ಮನಿಯಲ್ಲಿ ಸ್ಟುಟ್‌ಗಾರ್ಟ್ ನಗರದ ಮೇಯರ್ ಆಗಿ ಇಪ್ಪತ್ತೆರಡು ವರ್ಷ ಜನಸೇವೆ ಮಾಡಿದರು. ತಂದೆಯ ಪದಕಗಳಿಗಿಂತ ಆ ವರ್ಷಗಳೇ ನನಗೆ ಹೆಚ್ಚು ತೂಕದವಾಗಿ ಕಾಣುತ್ತವೆ.