ಕರ್ನಲ್ ಬೇಯ್ಲಿ

ಶ್ರೀರಂಗಪಟ್ಟಣಕ್ಕೆ ಹೋದವರು ಕೋಟೆಯೊಳಗೆ ನೆಲಮಟ್ಟಕ್ಕಿಂತ ತಗ್ಗಿನಲ್ಲಿರುವ ಕಮಾನಿನ ಸೆರೆಮನೆಯನ್ನು ನೋಡಿರಬಹುದು. ಅದನ್ನು ಬೇಯ್ಲಿಯ ಬಂದೀಖಾನೆಯೆಂದು ಕರೆಯುತ್ತಾರೆ. ಹೆಸರನ್ನು ಅನೇಕರು ಬಲ್ಲರು. ಆ ಮನುಷ್ಯನು ಯಾರೆಂಬದನ್ನು ಬಲ್ಲವರು ಕಡಮೆ.

ವಿಲಿಯಂ ಬೇಯ್ಲಿಯು ಸ್ಕಾಟ್ಲೆಂಡ್ ದೇಶದವನು, ಈಸ್ಟ್ ಇಂಡಿಯಾ ಕಂಪೆನಿಯ ಮದ್ರಾಸ್ ದಂಡಿನ ಸರದಾರನು. 1780ರಲ್ಲಿ ಹೈದರಾಲಿಯು ಘಟ್ಟವಿಳಿದು ಆರ್ಕಾಟಿನ ಸೀಮೆಗೆ ನುಗ್ಗಿದಾಗ, ಗುಂಟೂರಿನ ಕಡೆಯಲ್ಲಿದ್ದ ಇವನಿಗೆ ಸರ್ ಹೆಕ್ಟರ್ ಮನ್ರೋವನ ದಂಡನ್ನು ಬಂದು ಕೂಡಬೇಕೆಂದು ಅಪ್ಪಣೆಯಾಯಿತು. (ನಮ್ಮ ಜನರು ನೆನಸುವ ಥಾಮಸ್ ಮನ್ರೋ ಬೇರೆ.) ಆಗಸ್ಟ್ 25ರಂದು ಕೊರ್ತಲೈಯಾರ್ ಹೊಳೆಯನ್ನು ಮುಟ್ಟಿದಾಗ ಅದು ದಾಟುವಂತಿತ್ತು. ಆದರೂ ಬೇಯ್ಲಿಯು ಈಚೆ ದಡದಲ್ಲಿಯೇ ಬಿಡಾರ ಹಾಕಿಸಿದನು. ಬೆಳಗಾಗುವಷ್ಟರಲ್ಲಿ ಹೊಳೆ ತುಂಬಿ ಹರಿಯಿತು. ಸೆಪ್ಟೆಂಬರ್ ತಿಂಗಳು ಹುಟ್ಟುವ ವರೆಗೂ ದಾರಿ ಬಿಡಲಿಲ್ಲ. ಮಳೆಗಾಲದಲ್ಲಿ ಬಂಡಿ ಹೊಡೆಯುವ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಳೆ ದಾಟಿದ ಮೇಲೆ ಟಿಪ್ಪುವು ಪೆರಂಬಾಕಂ ಬಳಿ ತಡೆದನು. ಕಂಚಿಯಲ್ಲಿದ್ದ ಮನ್ರೋವನು ಸುಮಾರು 1,000 ಮಂದಿಯನ್ನು ಸಹಾಯಕ್ಕೆ ಕಳುಹಿಸಿದನೇ ಹೊರತು ತಾನು ಬರಲಿಲ್ಲ. 9ರ ರಾತ್ರಿ ಹೊರಟ ಬೇಯ್ಲಿಯು ನಡುದಾರಿಯಲ್ಲಿ ಮತ್ತೊಮ್ಮೆ ತಂಗಿದನು. ಸೆಪ್ಟೆಂಬರ್ 10ರ ಬೆಳಿಗ್ಗೆ ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ಅವನನ್ನು ಸುತ್ತುಗಟ್ಟಿದರು. ಮದ್ದಿನ ಬಂಡಿಗಳು ಸಿಡಿದುಹೋದವು. ನಾಲ್ಕು ಸಾವಿರಕ್ಕೆ ತುಸು ಕಡಮೆಯಿದ್ದ ದಂಡಿನಲ್ಲಿ ಉಳಿದವರು ಚೌಕಕಟ್ಟಿ ನಿಂತು ಮತ್ತೆ ಮತ್ತೆ ಎದುರಿಸಿದರು. ಕಡೆಗೆ, ಗಾಯಗೊಂಡ ಬೇಯ್ಲಿಯು ಉಳಿದವರ ಪ್ರಾಣಕ್ಕೋಸ್ಕರ ಶರಣಾದನು. ಆ ಮೇಲೂ ಕೊಲೆ ನಿಲ್ಲದಿರಲು, ಹೈದರನ ಕಡೆಯ ಫ್ರೆಂಚ್ ಸರದಾರರು ಅಡ್ಡಬಂದು ಹಲವರನ್ನು ಉಳಿಸಿದರು.

ಎರಡು ಸಾರಿ ತಡಮಾಡಿದನೆಂದು ಬೇಯ್ಲಿಯನ್ನು ದೂರುವವರುಂಟು, ದೂರು ಸುಳ್ಳಲ್ಲ. ಆದರೆ ಕೆಲವೇ ಹರದಾರಿ ದೂರದಲ್ಲಿದ್ದ ಮನ್ರೋವನು ಸಕಾಲದಲ್ಲಿ ಬಾರದೆ, ದೊಡ್ಡ ಫಿರಂಗಿಗಳನ್ನು ಕಂಚಿಯ ಕೊಳಕ್ಕೆ ಹಾಕಿಸಿ ಮದ್ರಾಸಿಗೆ ಹಿಂದಿರುಗಿದನು. ಸಂಕೋಲೆಯ ಪಾಲು ಬಂದದ್ದು ಬೇಯ್ಲಿಗೂ ಅವನ ಜನರಿಗೂ.

ಸೆರೆಯಾಳುಗಳನ್ನು ಶ್ರೀರಂಗಪಟ್ಟಣಕ್ಕೆ ತಂದರು. ಎರಡು ವರುಷಗಳ ಮೇಲೆ, 1782ನೆಯ ನವೆಂಬರ್ 13ರಂದು, ಬೇಯ್ಲಿಯು ಸೆರೆಯಲ್ಲಿಯೇ ತೀರಿಕೊಂಡನು. ಡಿಸೆಂಬರ್ 7ರಂದು ಹೈದರನೂ ಗತಿಸಿದನು. 1784ರ ಮಂಗಳೂರಿನ ಒಪ್ಪಂದದಿಂದ ಬಿಡುಗಡೆಯಾದವರಲ್ಲಿ ಡೇವಿಡ್ ಬೇರ್ಡ್ ಒಬ್ಬನು. 1799ರಲ್ಲಿ ಅದೇ ಕೋಟೆಯ ಲಗ್ಗೆಗೆ ಅವನೇ ಮುಂದಾಳಾದನು.

ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ ಪೊಳ್ಳಿಲೂರಿನ ಕದನವನ್ನು ಬರೆಸಿದ್ದಾರೆ; ಸೋತ ಬೇಯ್ಲಿಯು ಅಲ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಗುಂಬಜಿನ ಬಳಿ ಅವನ ಬಂಧು ಜಾನ್ ಬೇಯ್ಲಿಯು 1816ರಲ್ಲಿ ಸ್ಮಾರಕವನ್ನು ಕಟ್ಟಿಸಿದನು. ಆ ದಂಡಿನಲ್ಲಿ ಬಹುಮಂದಿ ನಮ್ಮ ದೇಶದ ಸಿಪಾಯಿಗಳು. ಅವರ ಹೆಸರುಗಳು ಆ ಕಲ್ಲಿನಲ್ಲಿಲ್ಲ.