ಬುನ್ಸೆನ್ ಬರ್ನರಿನ ಬುನ್ಸೆನ್

ಸಾಲ್ಟ್ ಅನಾಲಿಸಿಸ್ ಪ್ರಾಕ್ಟಿಕಲ್ ದಿನ ಗಾಜಿನ ಕಡ್ಡಿಯ ತುದಿಗೆ ಲವಣದ ಪೇಸ್ಟ್ ಹಚ್ಚಿ ಉರಿಗೆ ಹಿಡಿದೆ. ಸೇಬಿನ ಹಸಿರು ಕಂಡಿತು. ಬೇರಿಯಂ ಎಂದು ಬರೆದೆ, ಮಾರ್ಕ್ಸ್ ಬಂತು. ಆ ಬರ್ನರಿಗೆ ಹೆಸರಾದವರ ಬಗ್ಗೆ ಓದಿದ್ದು ಆಮೇಲೆ.

ರಾಬರ್ಟ್ ಬುನ್ಸೆನ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಗಟ್ಟಿಂಗನ್ ಊರಲ್ಲಿ. ತರುಣರಾಗಿದ್ದಾಗ ಆರ್ಸೆನಿಕ್ ಸಂಯುಕ್ತಗಳ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ದಿನ ಪಾತ್ರೆ ಸಿಡಿದು ಬಲಗಣ್ಣಿನ ದೃಷ್ಟಿ ಹೋಯಿತು, ವಿಷ ಮೈಗೇರಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಬೆಳಕಿನ ಬಣ್ಣಗಳನ್ನು ಮುಂದೆ ಅಷ್ಟು ಸೂಕ್ಷ್ಮವಾಗಿ ನೋಡಿದ್ದು ಉಳಿದ ಒಂದೇ ಕಣ್ಣಿನಿಂದ! ನಾವೋ ಸೇಫ್ಟಿ ಗ್ಲಾಸ್ ಹಾಕಿಕೊಳ್ಳಲು ಗೊಣಗುತ್ತೇವೆ.

1852ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಡೆಸಾಗ ಎಂಬ ಮೆಕ್ಯಾನಿಕ್ ಜೊತೆ 1855ರ ಹೊತ್ತಿಗೆ ಬರ್ನರ್ ರೂಪಿಸಿದರು. ಅದರ ಉರಿಗೆ ತನ್ನದೇ ಬಣ್ಣ ಹೆಚ್ಚಿಲ್ಲ, ಹಾಗಾಗಿ ಲವಣದ ಬಣ್ಣ ಸ್ಪಷ್ಟ. ಪೇಟೆಂಟ್ ಮಾಡಿಸಲಿಲ್ಲ. ಆದರೆ ಸೋಡಿಯಂನ ಹಳದಿ ಉಳಿದ ಬಣ್ಣಗಳನ್ನು ಮುಚ್ಚಿಬಿಡುತ್ತಿತ್ತು. ಬಣ್ಣದ ಗಾಜಿನ ಮೂಲಕ ನೋಡುತ್ತಿದ್ದ ಅವರಿಗೆ ಪಟ್ಟಕದ ಮೂಲಕ ನೋಡಲು ಹೇಳಿದವರು ಗೆಳೆಯ ಕಿರ್ಕಾಫ್. 1859ರಲ್ಲಿ ಸ್ಪೆಕ್ಟ್ರೋಸ್ಕೋಪ್ ಬಂತು. ಪ್ರತಿಯೊಂದು ಧಾತುವಿಗೂ ಅದರದೇ ಗೆರೆಗಳು, ನಮ್ಮ ಹೆಬ್ಬೆರಳಿನ ಗುರುತಿನಂತೆ. ದೂರದ ಮ್ಯಾನ್‌ಹೈಮ್ ಊರಿಗೆ ಬೆಂಕಿ ಬಿದ್ದಾಗ ಇಬ್ಬರೂ ಕಿಟಕಿಯಲ್ಲೇ ನಿಂತು ಆ ಉರಿಯಲ್ಲಿ ಬೇರಿಯಂ, ಸ್ಟ್ರಾನ್ಷಿಯಂ ಗುರುತಿಸಿದರಂತೆ. ನಮ್ಮ ಲ್ಯಾಬಿನ ಅವೇ ಲವಣಗಳು! 1860ರಲ್ಲಿ ಡ್ಯೂರ್ಕ್‌ಹೈಮ್‌ನ ಖನಿಜ ನೀರಿನಲ್ಲಿ ಯಾರೂ ಕಾಣದ ನೀಲಿ ಗೆರೆಗಳು ಕಂಡವು. ಸುಮಾರು 44,000 ಲೀಟರ್ ನೀರು ಇಂಗಿಸಿದ ಮೇಲೆ ಸಿಕ್ಕ ಸೀಸಿಯಂ ಲವಣ ಕೆಲವೇ ಗ್ರಾಂ. ಮರುವರ್ಷ ರುಬಿಡಿಯಂ. ಮದುವೆಯಾಗಲಿಲ್ಲ, 1899ರಲ್ಲಿ ತೀರಿಕೊಂಡರು.

ಚಿಪ್ಸ್ ಪ್ಯಾಕೆಟ್ ಹಿಂದೆ ಸೋಡಿಯಂ ಇಷ್ಟು ಮಿಲಿಗ್ರಾಂ ಎಂದಿರುತ್ತದಲ್ಲ, ಅದನ್ನು ಅಳೆಯುವ ಒಂದು ದಾರಿ ಇದೇ ಉರಿ. ತಿಂಡಿಯನ್ನು ಸುಟ್ಟು ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿ, ಜ್ವಾಲೆಗೆ ಸಿಂಪಡಿಸಿ ಹಳದಿ ಎಷ್ಟು ಪ್ರಖರವೆಂದು ಯಂತ್ರ ಅಳೆಯುತ್ತದೆ. 400 ಮಿಲಿಗ್ರಾಂ ಸೋಡಿಯಂ ಅಂದರೆ ಹೆಚ್ಚುಕಡಿಮೆ ಒಂದು ಗ್ರಾಂ ಉಪ್ಪು. ದಿನಕ್ಕೆ ಐದು ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಂಟೀನಿನಲ್ಲಿ ಈಗ ಪ್ಯಾಕೆಟ್ ತಿರುಗಿಸಿ ನೋಡುತ್ತೇನೆ.

ನನ್ನ ಊರು ಬೈರಮಂಗಲ. ವೃಷಭಾವತಿ ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ನಮ್ಮ ಕೆರೆಗೆ ತರುತ್ತದೆ. ಆ ನೀರಲ್ಲಿ ಬೆಳೆದ ಸೊಪ್ಪನ್ನು ಅಮ್ಮಿ ಮೂರು ಸಲ ತೊಳೆಯುತ್ತಾರೆ. ಒಳಗೆ ಸೀಸ, ಕ್ಯಾಡ್ಮಿಯಂ ಸೇರಿದ್ದರೆ ತೊಳೆದರೆ ಹೋಗದು, ನಮ್ಮ ಲ್ಯಾಬಿನ ಉರಿಯಲ್ಲಿ ಕಾಣುವಷ್ಟೂ ಇರದು. ಅದಕ್ಕೆ 1950ರ ದಶಕದಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಷ್ ರೂಪಿಸಿದ ಅಟಾಮಿಕ್ ಅಬ್ಸಾರ್ಪ್ಶನ್ ವಿಧಾನ ಬೇಕು. ಧಾತು ತಾನು ಸೂಸುವ ಬಣ್ಣವನ್ನೇ ಹೀರುತ್ತದೆಂಬ ಕಿರ್ಕಾಫ್ ಮಾತೇ ಅದಕ್ಕೂ ಆಧಾರ. ಒಂದು ಕಟ್ಟು ಸೊಪ್ಪನ್ನು ಎಲ್ಲಿ ಪರೀಕ್ಷೆ ಮಾಡಿಸಬಹುದೆಂದು ಕೆಮಿಸ್ಟ್ರಿ ಸರ್ ಅವರನ್ನು ಕೇಳಿದ್ದೇನೆ.