ನಮ್ಮ ದಾರಿಯಲ್ಲಿ ಹೋದ ಅಬ್ದುಲ್ ರಝಾಕ್

ನಮ್ಮ ಶಾಲೆಯಲ್ಲಿ ಕಲಿತವರಿಗೆ ಅಬ್ದುಲ್ ರಝಾಕ್ ಎಂಬ ಹೆಸರು ಹೊಸತಲ್ಲ. ಎಂಟನೆಯ ತರಗತಿಯಲ್ಲಿ ವಿಜಯನಗರದ ಪಾಠ ಬಂದಾಗ ಸಮಾಜ ಪಾಠದ ಮಾಷ್ಟ್ರು ದೇವಸ್ಥಾನದ ದಿಕ್ಕಿಗೆ ಕೈ ತೋರಿಸಿ, ಪುಸ್ತಕದಲ್ಲಿರುವ ಈ ಪರ್ಷಿಯದ ರಾಯಭಾರಿ ನಮ್ಮ ಪೊಳಲಿಗೂ ಬಂದಿದ್ದ ಎಂದಿದ್ದರು. ಪಾಠಪುಸ್ತಕದ ಮನುಷ್ಯನೊಬ್ಬ ನಮ್ಮ ಊರಿನ ಮಣ್ಣು ತುಳಿದಿದ್ದ ಎಂಬ ಹೆಮ್ಮೆಯಲ್ಲಿ ನಾವು ಆ ವಾರವಿಡೀ ತಲೆಯೆತ್ತಿ ನಡೆದೆವು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಆತನ ಪ್ರವಾಸಕಥನದ ಅನುವಾದ ನನ್ನ ಕೈಗೆ ಸಿಕ್ಕಿತು. ಅದನ್ನು ಎರಡು ಸಲ ಓದಿ, ಕಳೆದ ಚಳಿಗಾಲದಲ್ಲಿ ಹಂಪಿಯಲ್ಲಿ ಎರಡು ದಿನ ಕಾಲ್ನಡಿಗೆಯಲ್ಲೇ ಸುತ್ತಿದೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಆತನ ಜೀವನವನ್ನೇ ಬರೆಯೋಣವೆನಿಸಿತು.

ಅಬ್ದುಲ್ ರಝಾಕ್ ಹುಟ್ಟಿದ್ದು 1413ರಲ್ಲಿ, ಇಂದಿನ ಅಫ್ಘಾನಿಸ್ತಾನದಲ್ಲಿರುವ ಹೆರಾತ್ ನಗರದಲ್ಲಿ. ಅದು ಆಗ ತೈಮೂರನ ಮಗ ಶಾರುಖ್‌ನ ರಾಜಧಾನಿ. ತಂದೆ ಆಸ್ಥಾನದಲ್ಲಿ ಕಾಜಿಯೂ ಇಮಾಮರೂ ಆಗಿದ್ದರು. ಅವರು ತೀರಿಕೊಂಡ ಮೇಲೆ ಮಗ ತಾನು ಬರೆದ ವ್ಯಾಕರಣ ವ್ಯಾಖ್ಯಾನವೊಂದನ್ನು ಸುಲ್ತಾನನಿಗೆ ಒಪ್ಪಿಸಿ ಆಸ್ಥಾನ ಸೇರಿದ. ಓದು, ಬರಹ, ಲೆಕ್ಕಪತ್ರ ಇವೇ ಆತನ ಲೋಕ. ಅಂಥವನನ್ನು 1442ರ ಜನವರಿಯಲ್ಲಿ ರಾಯಭಾರಿಯಾಗಿ ಮಲಬಾರ್ ಕರಾವಳಿಗೆ ಕಳುಹಿಸಲಾಯಿತು.

ಆ ಪ್ರಯಾಣ ಸುಖದ್ದಾಗಿರಲಿಲ್ಲ. ಹೊರ್ಮುಜ್ ಬಂದರಿನಿಂದ ಹಡಗು ಹೊರಡುವಾಗ ಗಾಳಿಯ ಕಾಲ ಮುಗಿಯುತ್ತ ಬಂದಿತ್ತು. ಅರಬ್ ಕರಾವಳಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಅಲ್ಲಿನ ಬಿಸಿಲಿಗೆ ಆತ ಹಾಸಿಗೆ ಹಿಡಿದ. ಜೊತೆಗೆ ಬಂದಿದ್ದ ಅಣ್ಣ ಅಲ್ಲೇ ತೀರಿಕೊಂಡರು. ಅಣ್ಣನನ್ನು ಪರದೇಶದ ಮಣ್ಣಿಗೆ ಕೊಟ್ಟು ಆತ ಕಲ್ಲಿಕೋಟೆ ತಲುಪಿದ. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಅಷ್ಟರಲ್ಲಿ ವಿಜಯನಗರದ ಇಮ್ಮಡಿ ದೇವರಾಯನಿಂದ, ಅಂದರೆ ಪ್ರೌಢದೇವರಾಯನಿಂದ, ಕರೆ ಬಂತು. 1443ರಲ್ಲಿ ಸಮುದ್ರಮಾರ್ಗವಾಗಿ ಮಂಗಳೂರಿಗೆ ಬಂದು, ಎರಡು ಮೂರು ದಿನ ತಂಗಿ, ಘಟ್ಟದ ಕಡೆಗೆ ಹೊರಟ. ಆಗ ಆತನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಇನ್ನು ನಮ್ಮ ಊರಿನ ಮಾತು. ಮಂಗಳೂರಿನಿಂದ ಮೂರು ಫರ್ಸಂಗ್ ದೂರದಲ್ಲಿ ಒಂದು ದೇವಾಲಯ ಕಂಡೆನೆಂದು ಆತ ಬರೆದಿದ್ದಾನೆ. ಕಟ್ಟಡವೆಲ್ಲ ಎರಕದ ಲೋಹದ್ದು, ನಾಲ್ಕು ಜಗಲಿಗಳು, ಮೇಲಿನ ಜಗಲಿಯಲ್ಲಿ ಆಳೆತ್ತರದ ಚಿನ್ನದ ಮೂರ್ತಿ, ಕಣ್ಣುಗಳಿಗೆ ಎರಡು ಕೆಂಪು ಮಾಣಿಕ್ಯ. ಮೂರು ಫರ್ಸಂಗ್ ಎಂದರೆ ಸುಮಾರು 17 ಕಿ.ಮೀ.; ಇಂದಿನ ರಸ್ತೆಯಲ್ಲಿ ಮಂಗಳೂರಿನಿಂದ ಪೊಳಲಿಗೆ ಹೆಚ್ಚುಕಡಿಮೆ 20 ಕಿ.ಮೀ. ದೂರದ ಲೆಕ್ಕ ಕೂಡಿಬರುತ್ತದೆ. ಇದು ಪೊಳಲಿಯೇ ಎಂದು ನಮ್ಮ ಹಿರಿಯರೂ ಅನೇಕ ಲೇಖಕರೂ ಹೇಳುತ್ತ ಬಂದದ್ದು ಇದರಿಂದಲೇ.

ಆದರೆ ಆತ ಊರಿನ ಹೆಸರು ಬರೆದಿಲ್ಲ. ನಮ್ಮ ರಾಜರಾಜೇಶ್ವರಿ ಅಮ್ಮನವರ ಮೂರ್ತಿ ಮಣ್ಣಿನದು, ಚಿನ್ನದ್ದಲ್ಲ. ಕೆಲವು ಬರಹಗಳಲ್ಲಿ ಕಾಣುವ 1448 ಎಂಬ ಇಸವಿಯೂ ಸರಿಯಲ್ಲ. ಆ ಹೊತ್ತಿಗೆ ಪ್ರೌಢದೇವರಾಯನೂ ಇರಲಿಲ್ಲ, ಶಾರುಖ್‌ನೂ ಇರಲಿಲ್ಲ. ಇದನ್ನೆಲ್ಲ ಮೊದಲು ಓದಿದ ರಾತ್ರಿ ನನಗೆ ಬೇಸರವಾದದ್ದು ನಿಜ. ಊರಿನ ಸಂಚಿಕೆಯಲ್ಲಿ ಇದನ್ನು ಬರೆಯಬೇಕೇ ಎಂದು ಹಿಂದೆಮುಂದೆ ನೋಡಿದೆ. ಆದರೆ ಈ ಸಂಚಿಕೆಯನ್ನು ನಾಳೆ ನಮ್ಮ ಶಾಲೆಯ ಮಕ್ಕಳು ಓದುತ್ತಾರೆ. ಅಮ್ಮನವರ ಮಹಿಮೆಗೆ ಪರದೇಶಿಯೊಬ್ಬನ ಸಾಕ್ಷಿ ಬೇಕಾಗಿಲ್ಲ. ಆತನ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಒಳ್ಳೆಯದೆಂದು ನಿರ್ಧರಿಸಿದೆ.

ಏಪ್ರಿಲ್ ಕೊನೆಗೆ ಆತ ವಿಜಯನಗರ ತಲುಪಿದ. ಅಷ್ಟು ದೊಡ್ಡ ನಗರವನ್ನು ಆತ ಎಣಿಸಿ, ಅಳೆದು ನೋಡಿದ. ಒಂದರೊಳಗೊಂದು ಏಳು ಕೋಟೆ. ಮೊದಲ ಕೋಟೆಯ ಹೊರಗೆ ಕುದುರೆ, ಕಾಲಾಳು ನುಗ್ಗದಂತೆ ಆಳೆತ್ತರದ ಕಲ್ಲುಗಳನ್ನು ನೆಟ್ಟಿದ್ದರು. ಒಂದನೆಯ ಕೋಟೆಯಿಂದ ಮೂರನೆಯದರವರೆಗೆ ಗದ್ದೆ, ತೋಟ, ಮನೆಗಳು. ಅಲ್ಲಿಂದ ಒಳಗೆ ಪೇಟೆ. ಅರಮನೆಯ ಹತ್ತಿರದ ಬೀದಿಗಳಲ್ಲಿ ಮುತ್ತು, ಮಾಣಿಕ್ಯ, ವಜ್ರಗಳ ಬಹಿರಂಗ ಮಾರಾಟ. ಗುಲಾಬಿ ಹೂ ಇಲ್ಲದೆ ಆ ಊರಿನವರಿಗೆ ದಿನ ಕಳೆಯದೆಂದು ಆತನಿಗೆ ಅನಿಸಿತು. ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ಕಚೇರಿಯಲ್ಲಿ ಬರೆಯುವವರನ್ನೂ ಆತ ಬಿಡಲಿಲ್ಲ: ಒಂದು ಬಗೆ, ಓಲೆಯ ಮೇಲೆ ಕಬ್ಬಿಣದ ಕಂಠದಿಂದ, ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಬಳಪದಂಥ ಮೆದುಕಲ್ಲಿನಿಂದ. ಇದು ನಮ್ಮ ಹಿರಿಯರ ಕಡತ. ಒಂದನೆಯ ತರಗತಿಯಲ್ಲಿ ಸ್ಲೇಟು ಹಿಡಿದ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಹಂಪಿಯಲ್ಲಿ ನಾನು ಈ ವಿವರಗಳನ್ನೇ ಹುಡುಕುತ್ತ ನಡೆದೆ. ವಿರೂಪಾಕ್ಷ ದೇವಸ್ಥಾನದಿಂದ ಹೇಮಕೂಟ ಹತ್ತಿ ಇಳಿದು, ಬಿಸಿಲಿನಲ್ಲಿ ಮಹಾನವಮಿ ದಿಬ್ಬದವರೆಗೆ ಹೋದೆ. ನಾವು ಫೋಟೊ ತೆಗೆಸಿಕೊಳ್ಳುವ ಎಷ್ಟೋ ಗುಡಿ, ಮಂಟಪಗಳನ್ನು ಆತ ನೋಡಿರಲಿಲ್ಲ. ಅವು ಕೃಷ್ಣದೇವರಾಯನ ಕಾಲದವು, ಅಥವಾ ಇನ್ನೂ ಈಚಿನವು. ಆದರೆ ದಿಬ್ಬದ ಬಳಿ ಕಲ್ಲಿನ ಕಾಲುವೆಗಳು ಇವೆ. ಪಾನ್ ಸುಪಾರಿ ಬಜಾರಿನಲ್ಲಿ ಪ್ರೌಢದೇವರಾಯ 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇದೆ. ನಮ್ಮ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆಲಸ ನಡೆದದ್ದೂ ಅದೇ ರಾಜನ ಕಾಲದಲ್ಲಿ, 1430ರಲ್ಲಿ. ಆ ಬಸದಿಯ ಮುಂದೆ ಕುಳಿತು ನೀರು ಕುಡಿಯುವಾಗ ಹೆರಾತಿನ ಆ ಯುವಕ ನನ್ನ ವಾರಿಗೆಯವನೇ ಅನಿಸಿದ.

ರಾಜನ ಮೊದಲ ಭೇಟಿಗೆ ಆತ ಐದು ಕುದುರೆಗಳನ್ನೂ ರೇಷ್ಮೆ ಬಟ್ಟೆಗಳನ್ನೂ ಕಾಣಿಕೆಯಾಗಿ ಒಯ್ದಿದ್ದ. ದಪ್ಪ ನಿಲುವಂಗಿಯೊಳಗೆ ಬೆವರಿನಿಂದ ತೊಯ್ದು ನಿಂತವನನ್ನು ಕಂಡು ರಾಜ ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಕೊಟ್ಟ. ಬಳಿಕ ವೀಳ್ಯದೆಲೆ, ಹಣದ ಚೀಲ, ಕರ್ಪೂರ ಬಂದವು. ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ತುಪ್ಪ, ಸಕ್ಕರೆ, ಎರಡು ವರಹ ಭತ್ಯೆ. ಮಹಾನವಮಿಯ ಹಬ್ಬವನ್ನೂ ಕಂಡ. ಹಲವು ಅಂತಸ್ತುಗಳ ಮಂಟಪಗಳು, ಸಿಂಗರಿಸಿದ ಆನೆಗಳು, ತಾಳಕ್ಕೆ ಸೊಂಡಿಲಾಡಿಸುವ ಆನೆಯ ಆಟ.

ಮರ್ಯಾದೆ ಕೊನೆಯವರೆಗೆ ಉಳಿಯಲಿಲ್ಲ. ಆತನ ಪರವಾಗಿದ್ದ ದಂಡನಾಯಕ ಯುದ್ಧಕ್ಕೆ ಹೋದಾಗ ಅವನ ಜಾಗಕ್ಕೆ ಬಂದವನು ಭತ್ಯೆ ನಿಲ್ಲಿಸಿದ. ಹೊರ್ಮುಜಿನ ಕೆಲವರು, ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ಸುದ್ದಿ ಹಬ್ಬಿಸಿದರು. ದಂಡನಾಯಕ ಮರಳಿ ಬಂದು ಆದರಿಸಿದರೂ, ಬೀಳ್ಕೊಡುವ ಹೊತ್ತಿಗೂ ಅರಮನೆಯ ಸಂಶಯ ಪೂರ್ತಿ ಕರಗಿರಲಿಲ್ಲ. ಅಣ್ಣನನ್ನು ಕಳೆದುಕೊಂಡು ಅಷ್ಟು ದೂರ ಬಂದವನಿಗೆ ಆ ಅಪವಾದ ಎಷ್ಟು ನೋವು ಕೊಟ್ಟಿರಬೇಕು! ಆದರೂ ಆ ನೋವು ನಗರದ ವರ್ಣನೆಯನ್ನು ಕೆಡಿಸಲಿಲ್ಲ. ಇಂಥ ಊರನ್ನು ತಾನು ಎಲ್ಲೂ ಕಂಡಿಲ್ಲವೆಂದೇ ಬರೆದ. ಮೂರ್ತಿಪೂಜೆ ಆತನ ನಂಬಿಕೆಗೆ ಒಪ್ಪುವಂಥದ್ದಲ್ಲ. ಆದರೂ ದೇವಾಲಯದ ಕೆಲಸದ ಚೆಲುವನ್ನು ಮುಚ್ಚಿಡಲಿಲ್ಲ.

1444ರ ಆರಂಭದಲ್ಲಿ ನಮ್ಮ ಕರಾವಳಿಯಿಂದಲೇ ಹಡಗು ಹತ್ತಿದ. ಹೊರಟು ಮೂರು ವರ್ಷವಾಗುವ ಹೊತ್ತಿಗೆ ಹೆರಾತ್ ಸೇರಿದ. 1447ರಲ್ಲಿ ಶಾರುಖ್ ತೀರಿಕೊಂಡ ಮೇಲೆ ಕಲಹದ ದಿನಗಳು ಬಂದವು. ಅಬ್ದುಲ್ ರಝಾಕ್ ಮುಂದೆ ಹೆರಾತಿನ ಧಾರ್ಮಿಕ ಮಠವೊಂದರ ಮುಖ್ಯಸ್ಥನಾಗಿ, 1304ರಿಂದ 1470ರವರೆಗಿನ ಇತಿಹಾಸ ಬರೆದ. ಭಾರತಯಾತ್ರೆ ಅದರದೇ ಒಂದು ಭಾಗ. 1482ರಲ್ಲಿ ತೀರಿಕೊಂಡ. 1565ರಲ್ಲಿ ವಿಜಯನಗರ ಹಾಳಾಯಿತು. ಆತ ಬರೆದಿಟ್ಟದ್ದರಿಂದ ಅದರ ಗುಲಾಬಿ ಹೂಗಳ ವಿಷಯ ಇಂದಿಗೂ ನಮಗೆ ತಿಳಿಯುತ್ತದೆ.

ಹಳಗನ್ನಡದಲ್ಲಿ ಪೊಳಲ್ ಎಂದರೆ ಪಟ್ಟಣ. ನಮ್ಮ ಪೊಳಲಿಯನ್ನು ಹೀಗೆ ನಡೆದು ನೋಡಿ ಬರೆದಿಟ್ಟವರು ಎಷ್ಟು ಜನ? ಈಗಿನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಶಾಲೆಯ ಗೇಟಿನಿಂದ ಚೆಂಡಿನ ಗದ್ದೆಗೆ, ದೇವಸ್ಥಾನದಿಂದ ಫಲ್ಗುಣಿ ಹೊಳೆಗೆ ಎಷ್ಟು ಹೆಜ್ಜೆ ಎಂದು ಎಣಿಸಿ. ದಾರಿಯ ಅಂಗಡಿ, ಮರ, ಬಾವಿ, ಹಳೆಯ ಮನೆಗಳನ್ನು ಕಂಡ ಹಾಗೆ ಬರೆಯಿರಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಅದನ್ನು ಪುಸ್ತಕ ಮಾಡುವ ಖರ್ಚನ್ನು ನಮ್ಮ ಬ್ಯಾಚಿನವರು ವಹಿಸಿಕೊಳ್ಳುತ್ತೇವೆ.